ಬೆಟ್ಟದೊಳಗಿಂದ ಬಂದ ರೈಲು

ಡೊಂಬಿವಲಿ,
ಭಾನುವಾರ ರಾತ್ರಿ

ಪ್ರೀತಿಯ ಮಗಳೇ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ ಮಾತು ಇನ್ನೂ ಮನಸ್ಸಲ್ಲೇ ಇದೆ. "ಅಪ್ಪಾ, ನಿನ್ನ ಮೊಮ್ಮಗನಿಗೆ ಏಳು ತುಂಬಿತು, ಏನು ಓದಿಸಲಿ? ಸುಮ್ನೆ ಕಟ್ಟುಕತೆ ಬೇಡ, ಉಪಯೋಗಕ್ಕೆ ಬರುವಂಥದ್ದು ಹೇಳು" ಅಂದೆ. ಫೋನಿನಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ. ಅದಕ್ಕೇ ಈ ಕಾಗದ.

ಕಟ್ಟುಕತೆಯೇ ಬೇಕು ಮಗಳೇ. ಲೆಕ್ಕ, ಜನರಲ್ ನಾಲೆಡ್ಜ್ ಶಾಲೆಯಲ್ಲಿ ಹೇಗೂ ಸಿಗುತ್ತದೆ. ಇಲ್ಲದ್ದನ್ನು ಇದೆ ಅಂದುಕೊಂಡು ನೋಡೋದನ್ನು ಮನೆಯವರೇ ಕೊಡಬೇಕು.

ಮೊದಲು ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ'. ಮೂಲ ಕತೆ ಜರ್ಮನಿಯ ಹ್ಯಾಮೆಲಿನ್ ಊರಿನದು. ಇಂಗ್ಲಿಷ್ ಕವಿ ಬ್ರೌನಿಂಗ್ 1842ರಲ್ಲಿ ಅದನ್ನು ಪದ್ಯ ಮಾಡಿದ. ಕುವೆಂಪು ಅದನ್ನು ತುಂಗೆಯ ದಡಕ್ಕೆ ತಂದು ನಮ್ಮದೇ ಮಾಡಿಬಿಟ್ಟರು. ಅಲ್ಲಿ ಇಲಿಗಳಿಗೂ ಅಣ್ಣ ತಮ್ಮ, ಅಕ್ಕ ತಂಗಿ ಅಂತ ನೆಂಟಸ್ತಿಕೆ ಇದೆ.

ನಾನದನ್ನು ಮೊದಲು ಕೇಳಿದ್ದು ಮುಂಬಯಿ ಫೋರ್ಟಿನ ಕನ್ನಡ ರಾತ್ರಿ ಶಾಲೆಯಲ್ಲಿ. ಆಗ ನನಗೆ ಹದಿಮೂರು. ಹಗಲೆಲ್ಲ ಕ್ಯಾಂಟೀನಿನಲ್ಲಿ ಕಪ್ಪು ಬಸಿ ತೊಳೆದು ಕೈಬೆರಳು ಸುಕ್ಕಾಗಿರುತ್ತಿತ್ತು. ನಿದ್ದೆ ತೂಗುವ ಹೊತ್ತಿಗೆ ಮಾಸ್ತರರು ಎದ್ದು ನಿಂತು ಆ ಪದ್ಯ ಓದಿದರು. ಒಬ್ಬನೂ ತೂಕಡಿಸಲಿಲ್ಲ. ನಾವು ಮಲಗುವ ಅಟ್ಟದಲ್ಲಿ ಇಲಿಗಳದೇ ರಾಜ್ಯ. ಆ ರಾತ್ರಿ ಒಂದು ಇಲಿ ಓಡಿದ್ದೇ ತಡ, ಹುಡುಗರೆಲ್ಲ ಒಟ್ಟಿಗೆ ಪದ್ಯ ಶುರು ಮಾಡಿದೆವು. ಊರು ಬಿಟ್ಟು ಬಂದ ಮೇಲೆ ನಾನು ಹೊಟ್ಟೆ ತುಂಬ ನಕ್ಕದ್ದು ಅವತ್ತೇ. ಇದಕ್ಕಿಂತ ಜಾಸ್ತಿ ಉಪಯೋಗ ಏನು ಬೇಕು ಹೇಳು.

ಹಾಗಾಗಿ ಓದಿಸಬೇಡ, ನೀನೇ ಓದಿ ಹೇಳು. ಅವನಿಗೆ ಕನ್ನಡ ಅಕ್ಷರ ಬರಲ್ಲ ಅಂತ ಕೊರಗಬೇಡ. ಪುಣೆಯಲ್ಲಿ ಶಾಲೆ, ಗೆಳೆಯರು ಎಲ್ಲ ಮರಾಠಿ, ಇಂಗ್ಲಿಷು. ಕಿವಿಗೆ ಬಿದ್ದರೆ ಸಾಕು. ಅಕ್ಷರ ಆಮೇಲೆ ಬರುತ್ತದೆ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಅನ್ನುವ ವೆಬ್‌ಸೈಟಿನಲ್ಲಿ ಚಿತ್ರಕತೆಗಳು ಪುಕ್ಕಟೆ ಸಿಗುತ್ತವೆ, ಕನ್ನಡದಲ್ಲೂ ಮರಾಠಿಯಲ್ಲೂ. ಅವನು ಮರಾಠಿಯಲ್ಲಿ ನಿನಗೆ ಓದಿ ಹೇಳಲಿ, ನೀನು ಕನ್ನಡದಲ್ಲಿ ಅವನಿಗೆ.

'ಆಲಿಸ್ ಇನ್ ವಂಡರ್‌ಲ್ಯಾಂಡ್' ಕತೆಯೂ ಹಾಗೆ ಬಾಯಲ್ಲಿ ಹೇಳಿದ್ದೇ. 1862ರ ಜುಲೈ 4ರಂದು ಒಬ್ಬ ಗಣಿತದ ಮೇಷ್ಟ್ರು ದೋಣಿಯಲ್ಲಿ ಹೋಗುತ್ತಾ ಮೂವರು ಹುಡುಗಿಯರಿಗೆ ಹೇಳಿದ ಕತೆ. ಪುಸ್ತಕ ಆದದ್ದು ಮೂರು ವರ್ಷದ ಮೇಲೆ. ನಾ. ಕಸ್ತೂರಿಯವರು ಅದನ್ನು 'ಪಾತಾಳದಲ್ಲಿ ಪಾಪಚ್ಚಿ' ಅಂತ ಕನ್ನಡಕ್ಕೆ ತಂದರು. ಆ ಹೆಸರನ್ನು ಒಮ್ಮೆ ಗಟ್ಟಿಯಾಗಿ ಹೇಳಿ ನೋಡು, ಮಗು ನಗುತ್ತದೆ. ಪಂಜೆ ಮಂಗೇಶರಾಯರ ಕತೆಗಳನ್ನೂ ಬಿಡಬೇಡ.

ಹತ್ತು ತುಂಬಿದ ಮೇಲೆ ಸಲ್ಮಾನ್ ರಶ್ದಿಯ 'ಹರೂನ್ ಆ್ಯಂಡ್ ದ ಸೀ ಆಫ್ ಸ್ಟೋರೀಸ್' ಕೊಡು. 1990ರ ಪುಸ್ತಕ, ತನ್ನ ಮಗನಿಗಾಗಿ ಬರೆದದ್ದು. ರಶ್ದಿ ಹುಟ್ಟಿದ್ದು ನಮ್ಮ ಮುಂಬಯಿಯಲ್ಲೇ. ನಿಜವೇ ಅಲ್ಲದ ಕತೆಗಳಿಂದ ಏನು ಪ್ರಯೋಜನ ಅನ್ನುವ ಪ್ರಶ್ನೆ ಅದರಲ್ಲೂ ಬರುತ್ತದೆ. ನಿನ್ನದೇ ಪ್ರಶ್ನೆ, ಅಲ್ವಾ?

ಎ.ಕೆ. ರಾಮಾನುಜನ್ ಇಂಗ್ಲಿಷಿಗೆ ತಂದ ಕನ್ನಡದ ಜನಪದ ಕತೆಗಳಲ್ಲಿ ಒಂದು ನನ್ನನ್ನು ಬಿಡುವುದೇ ಇಲ್ಲ. ಒಬ್ಬಳಿಗೆ ಒಂದು ಕತೆ, ಒಂದು ಹಾಡು ಗೊತ್ತಿತ್ತು. ಯಾರಿಗೂ ಹೇಳಲಿಲ್ಲ. ಒಳಗೆ ಉಸಿರು ಕಟ್ಟಿ, ಅವಳು ಬಾಯಿ ತೆರೆದು ಮಲಗಿದ್ದಾಗ ಎರಡೂ ಹೊರಗೆ ಬಂದವು. ಕತೆ ಬಾಗಿಲಲ್ಲಿ ಒಂದು ಜೊತೆ ಬೂಟು ಆಯಿತು, ಹಾಡು ಗೂಟದಲ್ಲಿ ಗಂಡಸಿನ ಕೋಟು ಆಯಿತು. ಗಂಡ ನೋಡಿ ಜಗಳ ತೆಗೆದು ಗುಡಿಗೆ ಹೋಗಿ ಮಲಗಿದ. ರಾತ್ರಿ ಊರಿನ ದೀಪಗಳೆಲ್ಲ ಅಲ್ಲಿ ಸೇರಿ ಮಾತಾಡಿಕೊಂಡಾಗ ಅವನಿಗೆ ನಿಜ ತಿಳಿಯಿತು. ಬೆಳಿಗ್ಗೆ ಬಂದು ಹೆಂಡತಿಯನ್ನು ಕೇಳಿದರೆ, "ಯಾವ ಕತೆ? ಯಾವ ಹಾಡು?" ಅಂದಳು. ಅವಳಿಗೆ ಮರೆತೇ ಹೋಗಿತ್ತು.

ಇದನ್ನು ಓದಿದಾಗಲೆಲ್ಲ ಅಮ್ಮನ ನೆನಪಾಗುತ್ತದೆ. ನಿನ್ನ ಅಜ್ಜಿ ಒಲೆ ಮುಂದೆ ಕೂತು ಹೇಳುತ್ತಿದ್ದ ಕತೆಗಳಲ್ಲಿ ನನಗೆ ಈಗ ಎರಡು ಮಾತ್ರ ಪೂರ್ತಿ ನೆನಪಿವೆ. ಮೂರನೆಯದರ ಕೊನೆ ಗೊತ್ತಿಲ್ಲ. ಮೂರನ್ನೂ ಬರೆದು ಈ ಕಾಗದದ ಜೊತೆ ಇಟ್ಟಿದ್ದೇನೆ. ಮೂರನೆಯದರ ಕೊನೆಯನ್ನು ಅವನನ್ನೇ ಕೇಳು.

ಇನ್ನೊಂದು ಮಾತು. ಕತೆ ಮುಗಿದ ಕೂಡಲೇ "ಇದರ ನೀತಿ ಏನು?" ಅಂತ ದಯವಿಟ್ಟು ಕೇಳಬೇಡ. ನಿನ್ನ ಚಿಕ್ಕಂದಿನಲ್ಲಿ ನಾನು ಕೇಳುತ್ತಿದ್ದೆ. ತಪ್ಪಾಯಿತು ಅಂತ ಈಗ ಅನ್ನಿಸುತ್ತದೆ.

ಕಿಂದರಿಜೋಗಿ ಹೊಸದು ಕೊಳ್ಳಬೇಡ, ನಿನ್ನ ಹಳೇ ಪುಸ್ತಕ ಇಲ್ಲೇ ಇದೆ. ಮಕ್ಕಳು ಬೆಟ್ಟದೊಳಗೆ ಹೋಗಿ ಬಾಗಿಲು ಮುಚ್ಚಿಕೊಂಡಾಗ ನೀನು ಎಷ್ಟು ಅತ್ತಿದ್ದೆ! ಮಾರನೇ ದಿನ ನೋಡಿದರೆ ಕೊನೇ ಪುಟದಲ್ಲಿ ಬಣ್ಣದ ಪೆನ್ಸಿಲಿನಲ್ಲಿ ಒಂದು ಬೆಟ್ಟ. ಅದರೊಳಗಿಂದ ಒಂದು ಲೋಕಲ್ ಗಾಡಿ ಹೊರಗೆ ಬರುತ್ತಿತ್ತು. ಕಿಟಕಿಗೊಂದು ಮಗು. ಮುಂದೆ 'ಡೊಂಬಿವಲಿ ಫಾಸ್ಟ್' ಅಂತ ಬೋರ್ಡು.

ಶನಿವಾರ ಬರುವಾಗ ತರುತ್ತೇನೆ. ಆ ಪುಟವನ್ನು ಅವನಿಗೆ ನೀನೇ ತೋರಿಸು.

ನಿನ್ನ
ಅಪ್ಪ