ರಕ್ತದ ರಿಪೋರ್ಟಿಗೆ ಒಂದು ಸಾಲು ಜಾಸ್ತಿ ಸೇರಿಸಿ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ನಮಸ್ಕಾರ.

ಹೊಸ ಆಸ್ಪತ್ರೆ ಕಟ್ಟಿಸಿ ಅಂತ ಕೇಳಲು ಈ ಪತ್ರ ಬರೆಯುತ್ತಿಲ್ಲ. ಸರ್ಕಾರಿ ಲ್ಯಾಬುಗಳು ಕೊಡುವ ರಕ್ತದ ರಿಪೋರ್ಟಿನಲ್ಲಿ ಲಿವರ್ ಗಟ್ಟಿಯಾಗುತ್ತಿರುವ ಸಾಧ್ಯತೆ ಎಷ್ಟು ಅಂತ ಸೂಚಿಸುವ ಒಂದೇ ಒಂದು ಸಾಲು ಜಾಸ್ತಿ ಪ್ರಿಂಟ್ ಆಗಬೇಕು. ಆ ಸಾಲು ನೋಡಿದ ಮೇಲೆ ರೋಗಿ ಎಲ್ಲಿಗೆ ಹೋಗಬೇಕು ಅನ್ನುವುದು ಗೊತ್ತಾಗಬೇಕು. ನನ್ನ ಕೋರಿಕೆ ಇಷ್ಟೇ.

ನಾನು ತಿಪಟೂರಿನ ಒಂದು ಖಾಸಗಿ ಲ್ಯಾಬಿನಲ್ಲಿ ಟೆಕ್ನಿಷಿಯನ್. ರಕ್ತ ತೆಗೆಯುತ್ತೇನೆ, ಮಷಿನ್‌ಗೆ ಹಾಕುತ್ತೇನೆ, ಸಂಜೆ ರಿಪೋರ್ಟ್ ಕೊಡುತ್ತೇನೆ. ಜನ ಕೌಂಟರ್ ಹತ್ತಿರವೇ ಕವರ್ ಬಿಚ್ಚಿ, "ಏನೂ ಇಲ್ಲ ತಾನೇ ಅಣ್ಣ?" ಅಂತ ಕೇಳುತ್ತಾರೆ. ಡಾಕ್ಟರಿಗೆ ತೋರಿಸಿ ಅನ್ನುತ್ತೇನೆ. ಬೇರೆ ಏನಾದರೂ ಹೇಳುವ ಅಧಿಕಾರ ನನಗಿಲ್ಲ, ಇರಲೂಬಾರದು.

ಅವರ ಕೈಯಲ್ಲಿ ಸ್ಕ್ಯಾನಿಂಗ್ ರಿಪೋರ್ಟೂ ಇರುತ್ತದೆ. ಗ್ಯಾಸ್ಟ್ರಿಕ್ ಅಂತಲೋ, ಕಿಡ್ನಿ ಕಲ್ಲು ಅಂತಲೋ ಹೊಟ್ಟೆ ಸ್ಕ್ಯಾನ್ ಮಾಡಿಸಿದವರಿಗೆ ಕೊನೆಯ ಸಾಲಿನಲ್ಲಿ "ಫ್ಯಾಟಿ ಲಿವರ್, ಗ್ರೇಡ್ 1" ಅಂತ, ಅಂದರೆ ಲಿವರಿನಲ್ಲಿ ಕೊಬ್ಬು ತುಂಬಿದೆ ಅಂತ ಬಂದಿರುತ್ತದೆ. ಅದನ್ನು ನೋಡಿ ಯಾರೋ ಒಬ್ಬರು "ಇದು ಎಲ್ಲರಿಗೂ ಇರುತ್ತೆ ಬಿಡಿ" ಅಂದಿರುತ್ತಾರೆ. ಆ ಮಾತು ಪೂರ್ತಿ ಸುಳ್ಳೂ ಅಲ್ಲ. ನಮ್ಮ ದೇಶದಲ್ಲಿ ನಡೆದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ದೆಹಲಿಯ ಏಮ್ಸ್ ತಜ್ಞರು 2022ರಲ್ಲಿ ಪ್ರಕಟಿಸಿದ ಲೆಕ್ಕದಂತೆ ವಯಸ್ಕರಲ್ಲಿ ಸುಮಾರು 38% ಜನರಿಗೆ ಫ್ಯಾಟಿ ಲಿವರ್ ಇದೆ. ಆದರೆ ಅವರೆಲ್ಲರನ್ನೂ ಒಂದೇ ಮಾತಿನಲ್ಲಿ ಮನೆಗೆ ಕಳಿಸುತ್ತಿದ್ದೇವಲ್ಲ, ತೊಂದರೆ ಇರುವುದು ಅಲ್ಲಿ.

ಸ್ಕ್ಯಾನಿಂಗ್‌ನಲ್ಲಿ ಬರೆಯುವ ಗ್ರೇಡ್ ಲಿವರಿನಲ್ಲಿ ಕೊಬ್ಬು ಎಷ್ಟಿದೆ ಅನ್ನುವುದರ ಅಂದಾಜು. ಆ ಕೊಬ್ಬಿನಿಂದ ಲಿವರ್ ಊದಿಕೊಂಡು, ಗಾಯವಾಗಿ, ಗಾಯ ಮಾಗಿ ಗಟ್ಟಿಯಾಗುತ್ತಿದೆಯೇ ಅನ್ನುವುದು ಗ್ರೇಡ್‌ನಲ್ಲಿ ತಿಳಿಯುವುದಿಲ್ಲ. ಮುಂದೆ ಸಿರೋಸಿಸ್ (ಲಿವರ್ ಪೂರ್ತಿ ಗಟ್ಟಿಯಾಗಿ ಕೆಡುವುದು), ಕ್ಯಾನ್ಸರ್‌ವರೆಗೆ ಹೋಗುವವರು ಹೆಚ್ಚಾಗಿ ಹೀಗೆ ಗಟ್ಟಿಯಾದವರೇ. ಗ್ರೇಡ್ 1 ಇದ್ದವರಲ್ಲೂ ಗಟ್ಟಿಯಾಗಿರಬಹುದು, ಗ್ರೇಡ್ 3 ಇದ್ದವರಲ್ಲಿ ಏನೂ ಆಗಿರದಿರಬಹುದು. ನೋವಂತೂ ಸಾಮಾನ್ಯವಾಗಿ ಇರುವುದಿಲ್ಲ. ಕಣ್ಣು ಹಳದಿಯಾಗಿ, ಹೊಟ್ಟೆಯಲ್ಲಿ ನೀರು ತುಂಬಿಕೊಂಡು ಬರುವ ಹೊತ್ತಿಗೆ ತಡವಾಗಿರುತ್ತದೆ. ಆಮೇಲೆ ಬೆಂಗಳೂರು, ಲಕ್ಷಾಂತರ ರೂಪಾಯಿ, ಲಿವರ್ ಕಸಿಗೆ ಅಂಗದಾನ ನೋಡಿಕೊಳ್ಳುವ ಜೀವಸಾರ್ಥಕತೆ ಸಂಸ್ಥೆಯ ಪಟ್ಟಿಯಲ್ಲಿ ಹೆಸರು ಬರೆಸಿ ಕಾಯುವುದು.

ಗಟ್ಟಿಯಾಗಿರುವ ಸಾಧ್ಯತೆ ಯಾರಿಗೆ ಜಾಸ್ತಿ ಅಂತ ಜರಡಿ ಹಿಡಿಯಲು ಒಂದು ಸರಳ ಲೆಕ್ಕವಿದೆ. ಹೆಸರು ಫಿಬ್-4. ಎಸ್‌ಜಿಒಟಿ, ಎಸ್‌ಜಿಪಿಟಿ ಅಂದರೆ ಲಿವರ್ ಟೆಸ್ಟಿನಲ್ಲಿ ಬರುವ ಎರಡು ಸಂಖ್ಯೆಗಳು. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಬೇಕು. ಪ್ಲೇಟ್‌ಲೆಟ್ ಸಂಖ್ಯೆಯನ್ನು ಎಸ್‌ಜಿಪಿಟಿಯ ವರ್ಗಮೂಲದಿಂದ ಗುಣಿಸಬೇಕು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಬೇಕು. ಉತ್ತರ 1.3ಕ್ಕಿಂತ ಕಡಿಮೆ ಇದ್ದರೆ ಸದ್ಯಕ್ಕೆ ಗಾಬರಿಯಿಲ್ಲ. 2.67 ದಾಟಿದರೆ ತಜ್ಞರು ನೋಡಲೇಬೇಕು. ನಡುವೆ ಬಂದವರಿಗೆ ಇನ್ನೊಂದು ಪರೀಕ್ಷೆ ಬೇಕು.

ಒಂದು ಉದಾಹರಣೆ ತೆಗೆದುಕೊಳ್ಳಿ. 54 ವರ್ಷದ ಒಬ್ಬ ಹೆಂಗಸು. ದಪ್ಪ ಮೈ, ಶುಗರ್ ಇದೆ. ಎಸ್‌ಜಿಒಟಿ 62, ಎಸ್‌ಜಿಪಿಟಿ 49, ಪ್ಲೇಟ್‌ಲೆಟ್ 1.6 ಲಕ್ಷ. ರಿಪೋರ್ಟ್ ನೋಡಿದರೆ ಯಾರೂ ಬೆಚ್ಚಿಬೀಳುವುದಿಲ್ಲ. ಎರಡು ಸಂಖ್ಯೆ ಸ್ವಲ್ಪ ಜಾಸ್ತಿ, ಪ್ಲೇಟ್‌ಲೆಟ್ ನಾರ್ಮಲ್. ಈಗ ಲೆಕ್ಕ ಹಾಕಿ. 54ಕ್ಕೆ 62 ಗುಣಿಸಿದರೆ 3,348. 49ರ ವರ್ಗಮೂಲ 7. ಲಕ್ಷವನ್ನು ಸಾವಿರದಲ್ಲಿ ಹಿಡಿದು 160ಕ್ಕೆ 7 ಗುಣಿಸಿದರೆ 1,120. ಮೊದಲನೆಯದನ್ನು ಇದರಿಂದ ಭಾಗಿಸಿ. ಉತ್ತರ 2.99. ಈ ಹೆಂಗಸನ್ನು ಸುಮ್ನೆ ಮನೆಗೆ ಕಳಿಸುವಂತಿಲ್ಲ. ಆದರೆ ಕಳಿಸುತ್ತೇವೆ, ಯಾಕೆಂದರೆ ಲಿವರ್ ಟೆಸ್ಟ್ ಒಂದು ಹಾಳೆಯಲ್ಲಿರುತ್ತದೆ, ಪ್ಲೇಟ್‌ಲೆಟ್ ಇನ್ನೊಂದರಲ್ಲಿ, ವಯಸ್ಸು ಮೇಲೆ ಹೆಸರಿನ ಪಕ್ಕದಲ್ಲಿ. ಇವನ್ನು ಕೂಡಿಸಿ ನೋಡುವಷ್ಟು ಪುರುಸೊತ್ತು ಓಪಿಡಿಯಲ್ಲಿ ಯಾವ ಡಾಕ್ಟರಿಗಿದೆ ಹೇಳಿ? ಕಂಪ್ಯೂಟರ್ ಆ ಕೆಲಸವನ್ನು ಕಣ್ಣು ಮಿಟುಕಿಸುವುದರೊಳಗೆ ಮಾಡುತ್ತದೆ.

ಈ ಲೆಕ್ಕಕ್ಕೂ ಮಿತಿಗಳಿವೆ. 35 ವರ್ಷಕ್ಕಿಂತ ಚಿಕ್ಕವರಲ್ಲಿ ಇದನ್ನು ಅಷ್ಟಾಗಿ ನಂಬುವಂತಿಲ್ಲ. 65 ದಾಟಿದವರಿಗೆ ಕೆಳಗಿನ ಗಡಿ 1.3ರ ಬದಲು 2. ಡೆಂಗಿ ಜ್ವರದಲ್ಲಿ ಪ್ಲೇಟ್‌ಲೆಟ್ ಬಿದ್ದವರಿಗೆ ಹಾಕಿದರೆ ಎಲ್ಲರೂ ಸಿರೋಸಿಸ್ ರೋಗಿಗಳಾಗಿಬಿಡುತ್ತಾರೆ! ಮಳೆಗಾಲದಲ್ಲಿ ನಮ್ಮಂಥ ಲ್ಯಾಬಿನಲ್ಲಿ ಕೂತವರಿಗೆ ಇದು ಚೆನ್ನಾಗಿ ಗೊತ್ತು. ಹಾಗಾಗಿ ಜ್ವರದ ರೋಗಿಗಳನ್ನು ಬಿಟ್ಟು, ಬಿಪಿ ಮತ್ತು ಶುಗರ್‌ಗೆಂದು ಎನ್‌ಸಿಡಿ (ಅಸಾಂಕ್ರಾಮಿಕ ರೋಗಗಳ) ಕ್ಲಿನಿಕ್‌ಗೆ ಬರುವವರಿಗೆ ಮಾತ್ರ ಈ ಸಾಲು ಪ್ರಿಂಟ್ ಆದರೆ ಸಾಕು.

ಸಚಿವರೇ, ಇದು ನಾನು ಹೊಸದಾಗಿ ಹುಟ್ಟಿಸಿದ ವಿಷಯವಲ್ಲ. ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಫ್ಯಾಟಿ ಲಿವರನ್ನು ಸೇರಿಸುವ ಮಾರ್ಗಸೂಚಿಯನ್ನು ಕೇಂದ್ರ ಸರ್ಕಾರ 2021ರ ಫೆಬ್ರವರಿಯಲ್ಲೇ ತಂದಿತು. 2024ರ ಸೆಪ್ಟೆಂಬರ್‌ನಲ್ಲಿ ಅದನ್ನು ಪರಿಷ್ಕರಿಸಿತು. ನಿಮ್ಮ ಇಲಾಖೆಯೇ ಕೋಲಾರದಿಂದ ಶುರು ಮಾಡಿದ ಗೃಹ ಆರೋಗ್ಯ ಯೋಜನೆಯಲ್ಲಿ ಸಿಬ್ಬಂದಿ ಮನೆ ಬಾಗಿಲಿಗೇ ಬಂದು ಬಿಪಿ, ಶುಗರ್ ನೋಡುತ್ತಾರೆ. ಆಶಾ ಕಾರ್ಯಕರ್ತೆಯರು ತುಂಬುವ ಫಾರಂನಲ್ಲಿ ಸೊಂಟದ ಸುತ್ತಳತೆಯ ಕಾಲಂ ಕೂಡ ಇದೆ.

ನಮ್ಮ ಮನೆಗೂ ಬಂದಿದ್ದರು. ಅಮ್ಮನ ಸೀರೆಯ ಮೇಲೇ ಟೇಪ್ ಸುತ್ತಿ 94 ಅಂತ ಬರೆದುಕೊಂಡರು. "ಬಟ್ಟೆ ಹೊಲಿಸಿಕೊಡ್ತೀಯೇನವ್ವ?" ಅಂತ ಅಮ್ಮ ನಕ್ಕರು. "ಫಾರಂನಲ್ಲಿ ಕೇಳವ್ರೆ ಅಜ್ಜಿ" ಅಂದಳು ಆ ಹುಡುಗಿ. ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90 ದಾಟಿದರೆ ಹೊಟ್ಟೆಯ ಕೊಬ್ಬು ಜಾಸ್ತಿ ಅಂತ ಅರ್ಥ. ಅಮ್ಮನ 94 ಫಾರಂ ಸೇರಿತು. ಅದರ ಮೇಲೆ ಲಿವರ್ ಪರೀಕ್ಷೆ ಮಾಡಿಸಿ ಅಂತ ಯಾರೂ ಹೇಳಲಿಲ್ಲ. ಆ ಹುಡುಗಿಯನ್ನು ದೂರುತ್ತಿಲ್ಲ. ಬಿಸಿಲಲ್ಲಿ ಮನೆ ಮನೆ ಸುತ್ತುವವರಿಗೆ ಆ ನಂಬರ್ ಯಾಕೆ ಅಂತ ಮೇಲಿನವರೇ ಹೇಳಿಕೊಡಬೇಕಲ್ವಾ?

ಇದು ಎಸಿ ಕೋಣೆಯಲ್ಲಿ ಕೂತವರ ಕಾಯಿಲೆ ಅನ್ನುವ ನಂಬಿಕೆಯೂ ಇದೆ. ಹೈದರಾಬಾದಿನಲ್ಲಿ 345 ಐಟಿ ಉದ್ಯೋಗಿಗಳನ್ನು ಪರೀಕ್ಷಿಸಿದಾಗ 84% ಜನರ ಲಿವರಿನಲ್ಲಿ ಕೊಬ್ಬು ಜಾಸ್ತಿ ಇತ್ತು ಅನ್ನುವ ವರದಿ 2025ರಲ್ಲಿ ದೊಡ್ಡ ಸುದ್ದಿಯಾಯಿತು. ಸರಿ, ಆದರೆ ನಮ್ಮ ಕೌಂಟರಿಗೆ ಬರುವವರು ಆಟೋ ಓಡಿಸುವವರು, ಎಪಿಎಂಸಿಯಲ್ಲಿ ಕೊಬ್ಬರಿ ಅಂಗಡಿ ಇಟ್ಟವರು, ಟೈಲರಿಂಗ್ ಮಾಡುವ ಹೆಂಗಸರು. ಲಿವರ್ ಅಂದ ತಕ್ಷಣ "ಅಯ್ಯೋ, ನಾನು ಕುಡಿಯಲ್ಲ ಅಣ್ಣ" ಅನ್ನುತ್ತಾರೆ. ಕುಡುಕರ ಕಾಯಿಲೆ ಅನ್ನುವ ನಾಚಿಕೆಯಿಂದ ರಿಪೋರ್ಟನ್ನು ಮನೆಯಲ್ಲಿ ತೋರಿಸದವರೂ ಇದ್ದಾರೆ.

ಚಿಕಿತ್ಸೆಯ ವಿಷಯಕ್ಕೆ ಬಂದರೆ, ಔಷಧಿಗಳು ಈಚೆಗೆ ಬರುತ್ತಿವೆ. ಈಗಲೂ ದೊಡ್ಡ ಔಷಧಿ ತೂಕ ಇಳಿಸುವುದೇ. 5% ಇಳಿದರೆ ಲಿವರಿನ ಕೊಬ್ಬು ಕರಗುತ್ತದೆ. 7% ದಾಟಿದರೆ ಊತ ಇಳಿಯುವ ಸಾಧ್ಯತೆ ಚೆನ್ನಾಗಿದೆ. 10% ಇಳಿಸಿದವರಲ್ಲಿ ಗಟ್ಟಿಯಾದ ಭಾಗವೂ ಸುಧಾರಿಸಿದ್ದು ಕಂಡುಬಂದಿದೆ. 80 ಕೆಜಿ ಇರುವವರಿಗೆ ಇದು 4ರಿಂದ 8 ಕೆಜಿಯ ಮಾತು. ಆದರೆ ಚೀಟಿಯಲ್ಲಿ ಬರೆಯುವುದು "ತೂಕ ಇಳಿಸಿ, ಎಣ್ಣೆ ಬಿಡಿ" ಅಂತ ಅಷ್ಟೇ. ಜನ ಹೋಗಿ ರಾತ್ರಿ ಊಟ ಬಿಡುತ್ತಾರೆ, ಮೊಬೈಲಿನಲ್ಲಿ ನೋಡಿದ "ಲಿವರ್ ಕ್ಲೀನ್" ಪುಡಿ ತರಿಸುತ್ತಾರೆ, ಇಲ್ಲಾ ತಿಪಟೂರಿನವರಾದ್ದರಿಂದ "ಕೊಬ್ಬರಿ ತಿಂದಿದ್ದಕ್ಕಾ ಇದು?" ಅಂತ ಕೇಳುತ್ತಾರೆ. ಟೀ ಸಕ್ಕರೆ ಬಗ್ಗೆ ಯಾರೂ ಕೇಳುವುದಿಲ್ಲ. ದಿನಕ್ಕೆ 6 ಟೀ, ಒಂದೊಂದಕ್ಕೆ ಒಂದೂವರೆ ಚಮಚ ಅಂದರೆ 9 ಚಮಚ ಆಯಿತು. ಮಧ್ಯದಲ್ಲಿ ಬೇಕರಿಯ ಬೆಣ್ಣೆ ಬಿಸ್ಕೆಟ್, ದಿಲ್‌ಪಸಂದ್. ಮೈಗೆ ಬೇಕಾದ್ದಕ್ಕಿಂತ ಜಾಸ್ತಿ ಬಂದ ಸಕ್ಕರೆಯನ್ನೂ ಮೈದಾವನ್ನೂ ಲಿವರ್ ಕೊಬ್ಬಾಗಿ ಮಾಡಿಕೊಳ್ಳುತ್ತದೆ. (ಕಾಫಿ ಕುಡಿಯುವವರ ಲಿವರ್ ಗಟ್ಟಿಯಾಗುವುದು ಕಡಿಮೆ ಅಂತ ಹಲವು ಅಧ್ಯಯನಗಳಲ್ಲಿ ಕಂಡಿದೆ. ಚಿಕ್ಕಮಗಳೂರಿನವರು ಖುಷಿಪಡಲಿ, ಸಕ್ಕರೆ ಮಾತ್ರ ಬಿಡಲಿ.)

ಇದನ್ನೆಲ್ಲ ಕೂತು ಹೇಳಲು ಒಬ್ಬರು ಬೇಕು. ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಎನ್‌ಸಿಡಿ ಕ್ಲಿನಿಕ್‌ಗೆ ಆಪ್ತ ಸಮಾಲೋಚಕರ ಹುದ್ದೆ ಇದೆ. ಎಲ್ಲೆಲ್ಲಿ ಖಾಲಿ ಇದೆಯೋ ಅಲ್ಲಿ ತುಂಬಿಸಿ. ಅವರ ಮೇಜಿನ ಪಕ್ಕ ಒಂದು ತೂಕದ ಮಷಿನ್, ಒಂದು ರಿಜಿಸ್ಟರ್ ಇಡಿಸಿ. ಮೂರು ತಿಂಗಳಿಗೊಮ್ಮೆ ರೋಗಿಗೆ ಫೋನ್ ಮಾಡಿ ಕರೆಸಲಿ. "ತಿಂದು ತಿಂದು ಹೀಗಾಗಿದ್ದೀಯ" ಅಂತ ಬೈಯುವವರು ಮಾತ್ರ ಬೇಡ. ಒಮ್ಮೆ ಬೈಸಿಕೊಂಡವರು ಎರಡನೇ ಸಲ ಬರುವುದಿಲ್ಲ.

ಫಿಬ್-4 ಜಾಸ್ತಿ ಬಂದವರಿಗೆ ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ಅಳೆಯುವ ಫೈಬ್ರೋಸ್ಕ್ಯಾನ್ ಮಷಿನ್ ಬೇಕು. ತಾಲೂಕಿಗೊಂದು ಕೇಳುವುದು ಅತಿಯಾಸೆ. ಜಿಲ್ಲೆಗೊಂದು ಇದ್ದು, ತಿಂಗಳಿಗೊಂದು ದಿನ ಪ್ರತಿ ತಾಲೂಕಿಗೆ ಹೋಗಿ ಬಂದರೆ ಸಾಕು. ಖರೀದಿಸುವಾಗ ಎಕ್ಸ್‌ಎಲ್ ಪ್ರೋಬ್ (ಮೈಗೆ ಒತ್ತಿಹಿಡಿಯುವ ಭಾಗ, ದಪ್ಪ ಮೈಯವರಿಗೆಂದೇ ಇರುವುದು) ಸೇರಿಸಿ ತೆಗೆದುಕೊಳ್ಳಲು ಹೇಳಿ. ದಪ್ಪ ಮೈಯವರಿಗೆ ಮಾಮೂಲಿ ಪ್ರೋಬ್‌ನಲ್ಲಿ ಎಷ್ಟೋ ಸಲ ರೀಡಿಂಗೇ ಸಿಗುವುದಿಲ್ಲ, ಪರೀಕ್ಷೆ ಹೆಚ್ಚು ಬೇಕಾಗಿರುವುದೂ ಅವರಿಗೇ.

ಇದರಲ್ಲಿ ದುಡ್ಡು ಬೇಕಾದವು ಮುಂದಿನ ಬಜೆಟ್‌ವರೆಗೆ ಕಾಯಲಿ. ರಿಪೋರ್ಟಿನ ಸಾಲಿಗೆ ಇಲಾಖೆಯಿಂದ ಒಂದು ಸುತ್ತೋಲೆ ಮತ್ತು ಲ್ಯಾಬ್ ಸಾಫ್ಟ್‌ವೇರ್‌ನಲ್ಲಿ ಒಂದು ಚಿಕ್ಕ ಬದಲಾವಣೆ ಸಾಕು. ಮೊದಲು ಒಂದು ಜಿಲ್ಲೆಯಲ್ಲಿ ಮಾಡಿ ನೋಡಬಹುದು. ತುಮಕೂರೇ ಆಗಲಿ ಅಂತ ನನ್ನ ಆಸೆ. ಆ ಸುತ್ತೋಲೆ ಯಾವಾಗ ಹೊರಡಿಸುತ್ತೀರಿ, ಇಲ್ಲವಾದರೆ ಯಾಕೆ ಆಗುವುದಿಲ್ಲ ಅನ್ನುವುದನ್ನು ದಯವಿಟ್ಟು ತಿಳಿಸಿ.

ಇಂತಿ ತಮ್ಮ ವಿಶ್ವಾಸಿ,
ಲ್ಯಾಬ್ ಟೆಕ್ನಿಷಿಯನ್, ತಿಪಟೂರು