ಕೊನೆಯ ಬಾರಿ ಕುಡಿದದ್ದು ಯಾವಾಗ ಎಂದು ಕೇಳಿಸಿ: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ಮಾನ್ಯರೇ,

ನಾನು ಔಷಧಿಕಾರನಾಗಿ ದುಡಿದು ನಿವೃತ್ತನಾದವನು, ಕಾಮಾಕ್ಷಿಪಾಳ್ಯದ ನಿವಾಸಿ. ಪಾನನಿಷೇಧ ಬೇಕೋ ಬೇಡವೋ ಎಂಬ ಹಳೆಯ ಚರ್ಚೆಯನ್ನು ಎತ್ತಲು ಈ ಪತ್ರ ಬರೆಯುತ್ತಿಲ್ಲ. ದಿನವೂ ಕುಡಿಯುವವನು ಇದ್ದಕ್ಕಿದ್ದಂತೆ ಕುಡಿತ ನಿಲ್ಲಿಸಿದಾಗ ಅವನ ಮೈಯಲ್ಲಿ ಏನಾಗುತ್ತದೆ, ಅದಕ್ಕೆ ಬೇಕಾದ ಔಷಧ ಹೊತ್ತಿಗೆ ಸರಿಯಾಗಿ ಅವನಿಗೆ ಸಿಗುತ್ತದೆಯೇ ಎಂಬುದಷ್ಟೇ ನನ್ನ ವಿಷಯ.

ನನ್ನ ತಂಗಿಯ ಗಂಡ ಪೀಣ್ಯದಲ್ಲಿ ಲೇತ್ ಕೆಲಸಗಾರ. ಸಂಜೆಯ ಕುಡಿತ ಹೇಗೂ ಇತ್ತು. ಬರಬರುತ್ತ, ಬೆಳಿಗ್ಗೆ ಕೈ ನಡುಕ ನಿಲ್ಲಲೆಂದು ಒಂದು ನೈಂಟಿ ಹಾಕಿಕೊಂಡೇ ಕೆಲಸಕ್ಕೆ ಹೊರಡುವಂತಾಗಿತ್ತು. ಒಂದು ಸೋಮವಾರ ರಾತ್ರಿ ಸ್ಕೂಟರಿನಿಂದ ಬಿದ್ದು ತೊಡೆಮೂಳೆ ಮುರಿದುಕೊಂಡು ಆಸ್ಪತ್ರೆ ಸೇರಿದ. ಸಕ್ಕರೆ ಕಾಯಿಲೆ ಇದೆಯೇ, ಬಿಪಿ ಇದೆಯೇ, ಯಾವ ಮಾತ್ರೆ ಒಗ್ಗುವುದಿಲ್ಲ ಎಂದೆಲ್ಲ ಕೇಳಿ ಬರೆದುಕೊಂಡರು. ಕುಡಿತದ ಮಾತು ಯಾರೂ ಎತ್ತಲಿಲ್ಲ, ಮರ್ಯಾದೆಗೆ ಅಂಜಿ ತಂಗಿಯೂ ಬಾಯಿ ಬಿಡಲಿಲ್ಲ. ಮಂಗಳವಾರದ ಬೆವರು, ನಡುಕ, ನಿದ್ದೆಗೇಡುಗಳೆಲ್ಲ ನೋವಿನ ಲೆಕ್ಕಕ್ಕೆ ಹೋದವು. ಗುರುವಾರ ನಸುಕಿಗೆ ಅವನು ಹೊದಿಕೆಯ ಮೇಲೆ ಇರುವೆ ಸಾಲು ಹರಿಯುತ್ತಿದೆಯೆಂದು ಕೊಡವತೊಡಗಿದ. ಮುರಿದ ಕಾಲಿನ ಪರಿವೆಯೇ ಇಲ್ಲದೆ ಎದ್ದು ಕೂತು, ಎದುರಿಗೆ ಯಂತ್ರವಿದ್ದಂತೆ ಗಾಳಿಯಲ್ಲಿ ಹಿಡಿ ತಿರುಗಿಸುತ್ತ, "ಮೆಷಿನ್ ಆಫ್ ಮಾಡ್ರೋ, ಜಾಬ್ ಹಾರತ್ತೆ" ಎಂದು ಕೂಗಿದ. ಕೈಗಳನ್ನು ಮಂಚಕ್ಕೆ ಕಟ್ಟಿದರು. ಪಕ್ಕದ ಹಾಸಿಗೆಯವರು ಗಾಳಿ ಸೋಕಿದೆ, ತಾಯತ ಕಟ್ಟಿಸಿ ಎಂದರು. ಆ ಬೆಳಿಗ್ಗೆ ಪಾಳಿಗೆ ಬಂದ ಕಿರಿಯ ವೈದ್ಯೆಯೊಬ್ಬರು ತಂಗಿಯನ್ನು ಮೊಗಸಾಲೆಗೆ ಕರೆದು, ಕೊನೆಯ ಬಾರಿ ಕುಡಿದದ್ದು ಯಾವಾಗ ಎಂದು ಕೇಳಿದ್ದರಿಂದ ಅವನು ಉಳಿದ. ಬುಧವಾರ ಸಂಜೆ ನಾನೇ ಅವನನ್ನು ನೋಡಲು ಹೋಗಿ, ಆ ನಡುಗುವ ಕೈಗೆ ಕಾಫಿ ಲೋಟ ಕೊಟ್ಟು, ಅರ್ಧ ಕಾಫಿ ಹಾಸಿಗೆಗೆ ಚೆಲ್ಲಿದ್ದನ್ನು ಒರೆಸಿ ಬಂದಿದ್ದೆ. ಇಷ್ಟು ವರ್ಷ ಅದೇ ಔಷಧಗಳನ್ನು ಎಣಿಸಿಕೊಟ್ಟ ನನಗೂ ಹೊಳೆಯಲಿಲ್ಲ.

ಇದಕ್ಕೆ ವೈದ್ಯರು ಡೆಲಿರಿಯಂ ಟ್ರೆಮೆನ್ಸ್ ಎನ್ನುತ್ತಾರೆ. ಮದ್ಯ ವರ್ಷಗಟ್ಟಲೆ ಮೆದುಳನ್ನು ಮಂಕಾಗಿಸುತ್ತಿದ್ದರೆ, ಮೆದುಳು ಅದಕ್ಕೆ ಸೆಡ್ಡು ಹೊಡೆದು ತನ್ನ ಉದ್ರೇಕವನ್ನು ಏರಿಸಿಕೊಳ್ಳುತ್ತದೆ. ಮದ್ಯ ನಿಂತೊಡನೆ ಆ ಉದ್ರೇಕಕ್ಕೆ ಲಗಾಮಿಲ್ಲದಾಗುತ್ತದೆ. ಕೊನೆಯ ಗುಟುಕಿನ ಆರೆಂಟು ಗಂಟೆಗೆ ನಡುಕ ಶುರುವಾಗುತ್ತದೆ, 48 ಗಂಟೆಯೊಳಗೆ ಫಿಟ್ಸ್ ಬರಬಹುದು, ಸಾಮಾನ್ಯವಾಗಿ 48ರಿಂದ 96 ಗಂಟೆಗಳ ನಡುವೆ ಈ ಸನ್ನಿ ಕಾಣಿಸಿಕೊಳ್ಳುತ್ತದೆ ಮತ್ತು ಚಿಕಿತ್ಸೆ ಸಿಗದಿದ್ದರೆ ಪ್ರಾಣಕ್ಕೇ ಕುತ್ತು ತರುತ್ತದೆ. ತಡೆಯುವ ಔಷಧಗಳು ಹಳೆಯವು, ಅಗ್ಗದವು: ಕ್ಲೋರ್‌ಡಯಾಜಿಪಾಕ್ಸೈಡ್ ಅಥವಾ ಡಯಾಜಿಪಾಮ್, ಲಿವರ್ ಹಾಳಾದವರಿಗೆ ಲೋರಾಜಿಪಾಮ್, ಇವನ್ನು ವೈದ್ಯರ ನಿಗಾದಲ್ಲಿ ಕೊಟ್ಟು ದಿನದಿನಕ್ಕೆ ಇಳಿಸುತ್ತ ಬರಬೇಕು. ಜೊತೆಗೆ ಥಯಮಿನ್, ಅಂದರೆ ಬಿ1 ಜೀವಸತ್ವದ ಇಂಜೆಕ್ಷನ್. ಸುಸ್ತು ಎಂದವರಿಗೆಲ್ಲ ಗ್ಲೂಕೋಸ್ ಬಾಟಲಿ ಏರಿಸುವುದು ನಮ್ಮಲ್ಲಿ ರೂಢಿಯಾಗಿದೆ. ಥಯಮಿನ್ ಬತ್ತಿಹೋದ ಮೈಗೆ ಅದನ್ನು ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮೆದುಳಿಗೆ ಶಾಶ್ವತ ಪೆಟ್ಟು ಬಿದ್ದು ನೆನಪಿನ ಶಕ್ತಿಯೇ ಹೋಗಬಹುದು.

2020ರ ಮಾರ್ಚ್ ಕೊನೆಯ ವಾರದಲ್ಲಿ ಲಾಕ್‌ಡೌನ್ ಆಗಿ ಮದ್ಯದಂಗಡಿಗಳು ಒಂದೇ ಏಟಿಗೆ ಮುಚ್ಚಿದಾಗ ಈ ಸಂಗತಿ ನಗರದ ಆಸ್ಪತ್ರೆಗಳಿಗೆ ಎದುರಾಗಿತ್ತು. ಮೇ 4ರಂದು ಅಂಗಡಿಗಳು ತೆರೆದವು, ಉದ್ದುದ್ದ ಸರತಿ ಸಾಲುಗಳನ್ನು ನೋಡಿ ನಾವು ನಕ್ಕೆವು, ಪಾಠ ಅಲ್ಲಿಗೇ ನಿಂತಿತು.

ನಡುಕ ನಿಂತ ಮೇಲಿನದು ಇನ್ನೂ ದೊಡ್ಡ ಕೆಲಸ. ಕುಡಿತದ ಸುಖವನ್ನೇ ತಗ್ಗಿಸುವ ನಾಲ್ಟ್ರೆಕ್ಸೋನ್, ಬಿಟ್ಟವರು ಮತ್ತೆ ಶುರುಮಾಡದಂತೆ ನೆರವಾಗುವ ಅಕಾಂಪ್ರೊಸೇಟ್ ಎರಡನ್ನೂ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ನಮ್ಮ ಜನಕ್ಕೆ ಹೆಚ್ಚು ಗೊತ್ತಿರುವುದು ಗೋಡೆ ಬರಹದ ಜಾಹೀರಾತಿನ, ಸಾರಿನಲ್ಲಿ ಕದ್ದು ಬೆರೆಸುವ ಪುಡಿ. ಅದರಲ್ಲಿ ಏನಿದೆಯೆಂದು ಮಾರುವವನೂ ಹೇಳುವುದಿಲ್ಲ. ಕುಡಿದರೆ ಮೈಗೆ ಒಗ್ಗದಂತೆ ಮಾಡುವ ಡೈಸಲ್ಫಿರಾಮ್ ಎಂಬ ಔಷಧ ಇದ್ದರಂತೂ, ಅರಿವಿಲ್ಲದೆ ಮೇಲೆ ಕುಡಿದವನ ರಕ್ತದೊತ್ತಡ ಕುಸಿದು ಜೀವವೇ ಹೋದೀತು. ಹೆರಾಯಿನ್‌ಗೋ, ಟ್ಯಾಪೆಂಟಡಾಲ್‌ನಂಥ ನೋವಿನ ಮಾತ್ರೆಗಳಿಗೋ ಸಿಕ್ಕಿಬಿದ್ದ ಹುಡುಗರಿಗೆ ಬ್ಯೂಪ್ರೆನಾರ್ಫಿನ್ ಇದೆ. ನಾಲಗೆಯಡಿ ಇಡುವ ಈ ಮಾತ್ರೆ ಹಿಂತೆಗೆತದ, ಅಂದರೆ ಚಟ ನಿಲ್ಲಿಸಿದಾಗ ಮೈ ಪಡುವ, ಯಾತನೆಯನ್ನೂ ಹೆಚ್ಚು ಡೋಸಿನ ಸಾವುಗಳನ್ನೂ ಕಡಿಮೆ ಮಾಡುತ್ತದೆ. "ಒಂದು ಚಟ ಬಿಡಿಸಲು ಇನ್ನೊಂದು ಚಟವೇ" ಎಂದು ಕೇಳುವವರು ಇನ್ಸುಲಿನ್ ಬಗ್ಗೆ ಹಾಗೆ ಕೇಳುವುದಿಲ್ಲ.

ನಿಮ್ಹಾನ್ಸ್ ಮುಂದಾಳತ್ವದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಕುಡಿತದ ಕಾಯಿಲೆಯಿರುವ ನೂರರಲ್ಲಿ 86 ಮಂದಿಗೆ ಚಿಕಿತ್ಸೆ ತಲುಪಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ, ಮದ್ಯ ಮತ್ತು ಮಾದಕ ವಸ್ತುಗಳಿಂದಾಗುವ ಮಾನಸಿಕ ತೊಂದರೆಗಳನ್ನು ಕಾಯಿಲೆಯೆಂದೇ ಒಪ್ಪಿ, ಚಿಕಿತ್ಸೆಯನ್ನು ಹಕ್ಕಾಗಿಸಿದೆ. 2025-26ರ ಆಯವ್ಯಯದಲ್ಲಿ ತಮ್ಮ ಸರ್ಕಾರ ಅಬಕಾರಿಯಿಂದ 40,000 ಕೋಟಿ ರೂಪಾಯಿಗಳ ಗುರಿ ಇಟ್ಟುಕೊಂಡಿತು. ಆ ಹಣ ಬರುವ ಬಾಟಲಿಯಿಂದಲೇ ಬರುವ ಕಾಯಿಲೆಗೆ ಅದರಲ್ಲಿ ಒಂದು ಪಾಲನ್ನು ಎತ್ತಿಡಿ ಎಂದು ಕೇಳುವುದು ಅತಿಯಾಸೆಯಲ್ಲವೆಂದುಕೊಂಡಿದ್ದೇನೆ.

ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಕೇಂದ್ರವಿದೆ. ಆದರೆ ಬೆಳಿಗ್ಗೆ ಕೈ ನಡುಗುವ ಕೂಲಿಯವನು ದಿನಗೂಲಿ ಬಿಟ್ಟು, ಎರಡು ಬಸ್ಸು ಬದಲಿಸಿ ಅಲ್ಲಿಗೆ ಹೋಗುವ ಮುನ್ನ ದಾರಿಯಲ್ಲಿ ಹತ್ತು ಬಾರ್ ಸಿಗುತ್ತವೆ. ಆದ್ದರಿಂದ ಬಡಾವಣೆಯಲ್ಲಿರುವ ಸರ್ಕಾರದ 'ನಮ್ಮ ಕ್ಲಿನಿಕ್'ಗಳಲ್ಲೇ ಸೌಮ್ಯ ಹಿಂತೆಗೆತಕ್ಕೆ ಚಿಕಿತ್ಸೆ ದೊರೆಯಲಿ, ಥಯಮಿನ್ ದಾಸ್ತಾನು ಎಂದೂ ಖಾಲಿಯಾಗದಿರಲಿ, ಫಿಟ್ಸ್ ಬಂದ ಇತಿಹಾಸವಿರುವವರನ್ನು ತಡಮಾಡದೆ ದೊಡ್ಡಾಸ್ಪತ್ರೆಗೆ ಕಳಿಸುವ ಏರ್ಪಾಡಿರಲಿ. ವೈದ್ಯರನ್ನು ತಯಾರು ಮಾಡಲು ನಿಮ್ಹಾನ್ಸ್‌ನ ದೂರತರಬೇತಿಯ ಅನುಭವ ಕೈಗೆಟುಕುವಷ್ಟು ಹತ್ತಿರವಿದೆ. ಕ್ಲೋರ್‌ಡಯಾಜಿಪಾಕ್ಸೈಡ್, ಡಯಾಜಿಪಾಮ್ ಮಾತ್ರೆಗಳು ಷೆಡ್ಯೂಲ್ ಎಚ್1ರಲ್ಲಿ, ಅಂದರೆ ವೈದ್ಯರ ಚೀಟಿ ಇಲ್ಲದೆ ಮಾರಬಾರದ ಬಿಗಿ ನಿಯಮದ ಔಷಧಗಳ ಪಟ್ಟಿಯಲ್ಲಿವೆ, ದುರ್ಬಳಕೆಯೂ ಆಗುತ್ತದೆ ಎಂಬ ಆಕ್ಷೇಪ ಬರುತ್ತದೆ, ನಿಜ. ಅದಕ್ಕೇ ಒಂದು ಬಾರಿಗೆ ಎರಡು ಮೂರು ದಿನದ ಮಾತ್ರೆ ಮಾತ್ರ, ಅದೂ ಮನೆಯವರ ಕೈಗೆ ಕೊಡಿ, ವಹಿಯಲ್ಲಿ ಬರೆಯಿರಿ.

ಇದಕ್ಕೆಲ್ಲ ಸಮಯ ಬೇಕೆಂದು ಬಲ್ಲೆ. ಸದ್ಯಕ್ಕೆ ಒಂದು ಸುತ್ತೋಲೆ ಹೊರಡಿಸಿ: ಯಾವುದೇ ಕಾರಣಕ್ಕೆ ಒಳರೋಗಿಯಾಗಿ ಸೇರುವ ಪ್ರತಿಯೊಬ್ಬರ ನಮೂನೆಯಲ್ಲಿ, ಸಕ್ಕರೆ ಕಾಯಿಲೆ ಮತ್ತು ಬಿಪಿಯ ಕೆಳಗೆ, ಕುಡಿಯುವ ಅಭ್ಯಾಸವಿದೆಯೇ, ಕೊನೆಯ ಬಾರಿ ಯಾವಾಗ ಎಂಬ ಒಂದು ಸಾಲು ಅಚ್ಚಾಗಲಿ. ಅಚ್ಚಾದ ಪ್ರಶ್ನೆಗೆ ನನ್ನ ತಂಗಿ ಉತ್ತರಿಸುತ್ತಿದ್ದಳು. ಎಲ್ಲರಿಗೂ ಕೇಳುತ್ತಾರಲ್ಲ ಎಂದುಕೊಂಡು.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಔಷಧಿಕಾರ
ಕಾಮಾಕ್ಷಿಪಾಳ್ಯ, ಬೆಂಗಳೂರು