ಮನೆ ಸಾಂಗಲಿಯಲ್ಲೋ, ಕೊಲ್ಹಾಪುರದಲ್ಲೋ?

ಜತ್ತ

ಚಿರಂಜೀವಿ ತಮ್ಮನಿಗೆ ನಿನ್ನ ಕಾಕಾ ಮಾಡುವ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಆರಾಮ ಇದ್ದೇವೆ. ನಿನ್ನ ಅವ್ವನ ಮೊಣಕಾಲು ನೋವು ಮಾತ್ರ ಮೊದಲಿನ ಹಾಗೇ ಇದೆ. ಪುಣೆ ಬಿಟ್ಟು ನಮ್ಮ ಕಡೆ ನೌಕರಿಯ ಬದಲಿ ಕೇಳಿದ್ದೀಯ ಎಂದು ಗೊತ್ತಾದಾಗಿನಿಂದ ನಿನ್ನ ಅವ್ವ, ಅಂದರೆ ನಮ್ಮ ವೈನಿಯವರ ಮುಖ ನೋಡಬೇಕು ನೀನು. ಸಾಂಗಲಿ ಶಾಖೆ, ಇಲ್ಲಾ ಕೊಲ್ಹಾಪುರ ಶಾಖೆ, ಎರಡರಲ್ಲಿ ಒಂದು ಬರೆದು ಕೊಡಬೇಕು, ಏನು ಮಾಡಲಿ ಎಂದು ಕೇಳಿದೆ. ಫೋನಿನಲ್ಲಿ ಅರ್ಧ ಮಾತು ಹಾಗೇ ಉಳಿಯಿತು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನನ್ನ ಮಾತು ಮೊದಲೇ ಹೇಳಿಬಿಡುತ್ತೇನೆ. ಸಾಂಗಲಿ ಶಾಖೆ ತಗೊ. ಮನೆ ಮಾತ್ರ ಸಾಂಗಲಿಯ ಪೇಟೆಯಲ್ಲಿ ಬೇಡ, ಮಗ್ಗುಲಿನ ಮಿರಜದಲ್ಲಿ ಮಾಡು. ಕೊಲ್ಹಾಪುರಕ್ಕೆ ಬೇಕಾದಾಗಲೆಲ್ಲ ಹೋಗಿ ಬಾ.

ನಿನ್ನ ಗೆಳೆಯರು ಈ ವಿಷಯಕ್ಕೆ ಎರಡು ಪಕ್ಷ ಆಗಿದ್ದಾರೆ ಅಂದೆ. ಆಗದೆ ಇರುತ್ತಾರಾ? ಎರಡು ಊರಿನ ನಡುವೆ ಬರೀ 50 ಕಿಲೋಮೀಟರು, ಜಿದ್ದು ಮಾತ್ರ ಇನ್ನೂರು ವರ್ಷಕ್ಕೂ ಹಳೆಯದು. ಕೊಲ್ಹಾಪುರ ಛತ್ರಪತಿಗಳ ಗಾದಿ. ಸಾಂಗಲಿ, ಮಿರಜ ಪಟವರ್ಧನರ ಸಂಸ್ಥಾನ. ಪಟವರ್ಧನರು ಪೇಶವೆಗಳ ಕಡೆಯವರು. 1799ರಲ್ಲಿ ಪರಶುರಾಮಭಾವು ಪಟವರ್ಧನ ಸತ್ತದ್ದೇ ಕೊಲ್ಹಾಪುರದವರ ಜತೆ ಕಾದಾಡಿ. ಅವತ್ತಿನ ಕತ್ತಿ ಹೋಯಿತು, ಮಾತಿನ ಚುಚ್ಚು ಉಳಿಯಿತು. ನಾವು ಸಾಂಗಲಿ ಜಿಲ್ಲೆಯ ಜತ್ತದ ಕನ್ನಡದವರು, ಬೇರೆಯೇ ಆದ ಡಫಳೆ ಸಂಸ್ಥಾನದ ಜನ. ಆ ಕಡೆಗೂ ಸೇರಿದವರಲ್ಲ, ಈ ಕಡೆಗೂ ಸೇರಿದವರಲ್ಲ. ಅವರ ಜಗಳ ನೀನು ತಲೆಗೆ ಹಚ್ಚಿಕೊಳ್ಳಬೇಡ.

ಕೊಲ್ಹಾಪುರ ಬೇಡ ಎಂದೆನಲ್ಲ, ಆ ಊರಿನ ಮೇಲೆ ನನಗೆ ಕಮ್ಮಿ ಪ್ರೀತಿ ಎಂದು ತಿಳಿಯಬೇಡ. ನೋಡಲು ಹೋಗುವ ಊರು ಎಂದರೆ ಅದೇ. ಮಹಾಲಕ್ಷ್ಮಿ ಗುಡಿಯಲ್ಲಿ ವರ್ಷಕ್ಕೆ ಎರಡು ಸಲ ಕಿರಣೋತ್ಸವ ಆಗುತ್ತದೆ. ನವೆಂಬರ್ 9ರಿಂದ 11, ಜನವರಿ 31ರಿಂದ ಫೆಬ್ರವರಿ 2. ಮುಳುಗುವ ಸೂರ್ಯನ ಬಿಸಿಲು ಮಹಾದ್ವಾರದಿಂದ ಒಳಗೆ ಬಂದು, ಕಲ್ಲಿನ ಮಂಟಪಗಳನ್ನು ದಾಟಿ, ಗರ್ಭಗುಡಿಯವರೆಗೆ ತೆವಳುತ್ತದೆ. ಮೊದಲ ದಿನ ತಾಯಿಯ ಪಾದ, ಮರುದಿನ ಎದೆ, ಮೂರನೇ ದಿನ ಮುಖ. ಮೋಡ ಅಡ್ಡ ಬಂದರೆ ಇಲ್ಲ. ಬಿಸಿಲು ಮೆಟ್ಟಿಲು ಹತ್ತುವಾಗ ಅಷ್ಟು ಜನ ಒಟ್ಟಿಗೇ ಸುಮ್ಮನಾಗುತ್ತಾರೆ. ಸಾವಿರ ವರ್ಷದ ಹಿಂದೆ ಯಾರು ಲೆಕ್ಕ ಹಾಕಿ ಕಟ್ಟಿದರೋ! ವೈನಿಯವರನ್ನು ಇದಕ್ಕೆ ಒಮ್ಮೆ ಕರೆದುಕೊಂಡು ಹೋಗಲೇಬೇಕು.

ಆಮೇಲೆ ಶಾಹೂ ಮಹಾರಾಜರು. 1902ರಲ್ಲೇ ತಮ್ಮ ಸಂಸ್ಥಾನದ ನೌಕರಿಗಳಲ್ಲಿ ಅರ್ಧ ಭಾಗ ಹಿಂದುಳಿದವರಿಗೆ ಎಂದು ಹುಕುಂ ಹೊರಡಿಸಿದ ದೊರೆ. ಹಳ್ಳಿಯ ಬಡ ಹುಡುಗರು ಪೇಟೆಗೆ ಬಂದು ಓದಲಿ ಎಂದು ಜಾತಿಜಾತಿಯ ಬೋರ್ಡಿಂಗು ಕಟ್ಟಿಸಿದರು. ನಮ್ಮ ಲಿಂಗಾಯತ ಹುಡುಗರಿಗೂ ಒಂದು. ಕುಸ್ತಿಗೆ ಖಾಸಬಾಗ್ ಮೈದಾನ ಮಾಡಿದರು. ಈಗಲೂ ಅಲ್ಲಿ ಕುಸ್ತಿಯ ದಿನ ಕೆಂಪು ಮಣ್ಣಿನ ಸುತ್ತ ಕೂತ ಮುದುಕರು ಒಂದೊಂದು ಪಟ್ಟಿಗೂ ಹೆಸರು ಹಿಡಿದು ಕೂಗುತ್ತಾರೆ. ನಿನ್ನ ಹೆಂಡತಿಗೆ ಆ ಊರು ಯಾಕೆ ಇಷ್ಟ ಎಂಬುದು ನನಗೆ ಗೊತ್ತು. ಶಿವಾಜಿ ವಿದ್ಯಾಪೀಠದಲ್ಲಿ ಓದಿದವಳು. ಆ ಊರು ಹೆಣ್ಣುಮಕ್ಕಳಿಗೆ ಓಡಾಡಲು ಧೈರ್ಯ ಕೊಡುತ್ತದೆ ಅಂದಿದ್ದಳು. ಅವಳ ಮಾತನ್ನು ತೆಗೆದು ಹಾಕಬೇಡ. ನನ್ನ ಪತ್ರ ಅವಳಿಗೂ ಓದಿ ಹೇಳು.

ಕನ್ನಡದವರಿಗೆ ಕೊಲ್ಹಾಪುರ ಪರ ಊರಲ್ಲ, ಇದನ್ನೂ ನೆನಪಿಡು. ಶಿಲಾಹಾರರ ಕಾಲದ ಎಷ್ಟೋ ಶಾಸನ ಅಲ್ಲಿ ಕನ್ನಡದಲ್ಲೇ ಇವೆ. ರಾಜಾರಾಮ್ ಕಾಲೇಜಿನ ಕೆ. ಜಿ. ಕುಂದಣಗಾರರು ಅವನ್ನು ಹುಡುಕಿ, ಓದಿ, 1939ರಲ್ಲಿ ಅಚ್ಚು ಹಾಕಿಸಿದರು. ಸಾಂಗಲಿಯೂ ಕಡಿಮೆ ಇಲ್ಲ. ವಿಲ್ಲಿಂಗ್ಡನ್ ಕಾಲೇಜಿನಲ್ಲಿ ರಂ. ಶ್ರೀ. ಮುಗಳಿಯವರು ಕನ್ನಡ ಕಲಿಸಿದರು. ವಿ. ಕೃ. ಗೋಕಾಕರಂತೂ ಎರಡೂ ಊರಿನ ಕಾಲೇಜುಗಳಿಗೆ ಪ್ರಿನ್ಸಿಪಾಲರಾಗಿದ್ದರು. ಮರಾಠಿ ರಂಗಭೂಮಿ ತನ್ನ ಹುಟ್ಟನ್ನು 1843ರ ಸಾಂಗಲಿಯ ಆಟದಿಂದ ಎಣಿಸುತ್ತದೆ. ವಿಷ್ಣುದಾಸ ಭಾವೆ ಆಡಿಸಿದ್ದು. ಅದಕ್ಕೆ ಸ್ವಲ್ಪ ಮೊದಲು ಕನ್ನಡ ಸೀಮೆಯ ಭಾಗವತರ ಮೇಳ ಅಲ್ಲಿ ಆಡಿತ್ತು. ಅದನ್ನು ನೋಡಿದ ದೊರೆ, ಇಂಥದ್ದು ಮರಾಠಿಯಲ್ಲಿ ಆಗಲಿ ಎಂದನಂತೆ. ಇದನ್ನು ನಿನ್ನ ಮಗಳಿಗೆ ಹೇಳು. ಎರಡು ಭಾಷೆಯ ನಡುವೆ ಬೆಳೆಯುವ ಕೂಸಿಗೆ ಇಂಥ ಕತೆ ಗೊತ್ತಿರಬೇಕು.

ಹಾಗಾದರೆ ಕೊಲ್ಹಾಪುರ ಯಾಕೆ ಬೇಡ? ದೂರ. ಬೇರೆ ಕಾರಣವೇ ಇಲ್ಲ. ಪುಣೆ ಬಿಟ್ಟು ಬರುವುದು ಅವ್ವನಿಗಾಗಿ ಅಂದಮೇಲೆ, ಅವ್ವ ಒಬ್ಬಳೇ ಬಸ್ ಹತ್ತಿ ಬರುವ ಊರಲ್ಲಿ ನೀನು ಇರಬೇಕು. ಜತ್ತದಿಂದ ಮಿರಜಕ್ಕೆ ಎಸ್‌ಟಿ, ಅಂದರೆ ಸರಕಾರಿ ಬಸ್ಸು, ಹತ್ತಿದರೆ ಮಧ್ಯ ಬದಲಿಸುವ ಗೋಜಿಲ್ಲ. ಮುಂಜಾನೆ ಹೊರಟು, ಕೂಸನ್ನು ನೋಡಿ, ಬೇಕಾದರೆ ಸಂಜೆಗೆ ತಿರುಗಿ ಬರಬಹುದು. 2023ರಿಂದ ಹೆಣ್ಣುಮಕ್ಕಳಿಗೆ ಎಸ್‌ಟಿಯಲ್ಲಿ ಅರ್ಧ ತಿಕೀಟು, 75 ದಾಟಿದವರಿಗೆ ಪೂರ್ತಿ ಪುಕ್ಕಟೆ. ಕೊಲ್ಹಾಪುರ ಎಂದರೆ ಅಲ್ಲಿಂದ ಮತ್ತೆ ಮುಂದೆ. ವೈನಿಯವರು "ಹೋಗಲಿ ಬಿಡು, ಅವನೇ ಬರಲಿ" ಅನ್ನುತ್ತಾರೆ. ನೀನು ತಿಂಗಳಿಗೊಮ್ಮೆ ಅನ್ನುತ್ತೀಯ. ಆಮೇಲೆ ಹಬ್ಬಕ್ಕೆ. ಪುಣೆಯಲ್ಲಿ ಹಾಗೇ ಆಯಿತು ಅಲ್ವಾ?

ಇನ್ನು ಮಿರಜ. ಜನ ಅದನ್ನು ಸಾಂಗಲಿಯ ಬಾಲ ಅನ್ನುತ್ತಾರೆ. 1998ರಿಂದ ಎರಡಕ್ಕೂ ಕುಪವಾಡಕ್ಕೂ ಸೇರಿಸಿ ಒಂದೇ ಮಹಾನಗರಪಾಲಿಕೆ. ಆದರೆ ನಮ್ಮ ಕಡೆಯವರಿಗೆ ಮೊದಲು ಗೊತ್ತಿದ್ದದ್ದು ಮಿರಜವೇ, ಯಾಕೆಂದರೆ ದವಾಖಾನೆ. ವಾನ್ಲೆಸ್ ಎಂಬ ಮಿಷನರಿ ಡಾಕ್ಟರು 1890ರ ದಶಕದಲ್ಲಿ ಅಲ್ಲಿ ಆಸ್ಪತ್ರೆ ತೆರೆದಾಗಿನಿಂದ ನಮ್ಮ ಮುತ್ತಜ್ಜಂದಿರು ಚಕ್ಕಡಿ ಕಟ್ಟಿಕೊಂಡು ಹೋಗುತ್ತಿದ್ದರು. ಈಗ ಸರಕಾರಿ ಮೆಡಿಕಲ್ ಕಾಲೇಜಿದೆ, ಓಣಿಗೊಂದು ಖಾಸಗಿ ದವಾಖಾನೆ ಇದೆ. ಅಥಣಿ, ರಾಯಬಾಗ, ವಿಜಯಪುರ ಕಡೆಯ ಪೇಶಂಟುಗಳು ದಿನಾ ಬರುತ್ತಾರೆ. ಹಾಗಾಗಿ ಔಷಧದ ಅಂಗಡಿಯವನು, ಚಹಾದವನು, ರಿಕ್ಷಾದವನು ಎಲ್ಲರಿಗೂ ಒಂದಿಷ್ಟು ಕನ್ನಡ ಬರುತ್ತದೆ. ವೈನಿಯವರಿಗೆ ಮರಾಠಿ ತಿಳಿಯುತ್ತದೆ, ಆದರೆ ನೋವು ಎಲ್ಲಿ, ಹೆಂಗೆ ಎಂದು ಹೇಳಲು ಕನ್ನಡವೇ ಬೇಕು. ವಯಸ್ಸಾದವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಯಾವುದು ಹೇಳು?

ರೈಲಿನ ಲೆಕ್ಕವೂ ಮಿರಜದ ಕಡೆಗೇ. ಪುಣೆ, ಬೆಳಗಾವಿ, ಹುಬ್ಬಳ್ಳಿ, ಪಂಢರಪುರ, ಕೊಲ್ಹಾಪುರ, ಎಲ್ಲ ದಾರಿಯೂ ಅಲ್ಲಿ ಕೂಡುತ್ತವೆ. ರಾಣಿ ಚೆನ್ನಮ್ಮ ಹತ್ತಿದರೆ ಬೆಂಗಳೂರಿಗೆ ಒಂದು ರಾತ್ರಿ. ಕೊಲ್ಹಾಪುರದ ರೈಲ್ವೆ ಮಾತ್ರ ಮಿರಜದಿಂದ ಹೊರಟ ಟೊಂಗೆ, ಅಲ್ಲಿಗೇ ಮುಗಿಯುತ್ತದೆ. ವಿಮಾನ ಬೇಕೆಂದರೆ ಕೊಲ್ಹಾಪುರದ ಉಜಳಾಯಿವಾಡಿಗೇ ಹೋಗಬೇಕು. 2025ರ ಆಗಸ್ಟಿನಿಂದ ಮುಂಬೈ ಹೈಕೋರ್ಟಿನ ಪೀಠವೂ ಕೊಲ್ಹಾಪುರದಲ್ಲಿ ಶುರುವಾಗಿದೆ, ನಮ್ಮ ಜಿಲ್ಲೆಯ ಕೇಸುಗಳೂ ಅಲ್ಲಿಗೇ. ಈ ಎರಡರ ಕೆಲಸ ನಮ್ಮಂಥವರಿಗೆ ಯಾವಾಗಲೋ ಒಮ್ಮೆ. ದವಾಖಾನೆ, ಸ್ಟೇಷನ್ನು ದಿನದ ಮಾತು.

ಮಿರಜದಲ್ಲಿ ಒಂದು ಚಂದದ ಓಣಿ ಇದೆ, ಸಿತಾರ ಮಾಡುವವರದು. ಅಂಗಡಿಯ ಮಾಡಿಗೆ ಒಣಗಿದ ದೊಡ್ಡ ದೊಡ್ಡ ಕುಂಬಳಬುರುಡೆ ತೂಗು ಹಾಕಿರುತ್ತಾರೆ. ಪಂಢರಪುರದ ಕಡೆ ಬೆಳೆದದ್ದು. ಕುಶಲಕರ್ಮಿ ಒಂದನ್ನು ಇಳಿಸಿ, ಬೆರಳ ಗೆಣ್ಣಿನಿಂದ ಸುತ್ತ ಬಡಿದು, ಕಿವಿ ಹಚ್ಚಿ ಕೇಳಿ, ಬೇಡವಾದರೆ ಮತ್ತೆ ಮೇಲೆ ಹಾಕುತ್ತಾನೆ. ಮಿರಜದ ಸಿತಾರ, ತಂಬೂರಿಗೆ 2024ರಲ್ಲಿ ಜಿಐ, ಅಂದರೆ ಊರಿನ ಹೆಸರಿನ ಗುರುತಿನ, ಮಾನ್ಯತೆ ಸಿಕ್ಕಿದೆ. ಸವಾಯಿ ಗಂಧರ್ವರ ಗುರು ಅಬ್ದುಲ್ ಕರೀಮ್ ಖಾನರು ಇದ್ದದ್ದು ಇಲ್ಲೇ. ದರ್ಗಾದ ಉರುಸಿನಲ್ಲಿ ಅವರ ನೆನಪಿಗೆ ಹಾಡುತ್ತಾರೆ. ಕೂಸಿಗೆ ಹಾಡಿನ ಹುಚ್ಚು ಇದೆ ಅನ್ನುತ್ತೀಯಲ್ಲ, ಅದಕ್ಕೆ ಇಂಥ ಊರು ಎಲ್ಲಿ ಸಿಗಬೇಕು?

ಈಗ ಎಲ್ಲಕ್ಕಿಂತ ಮುಖ್ಯದ ಮಾತು. ಇದನ್ನು ಎರಡು ಸಲ ಓದು. ನಾವು ಬರದ ಸೀಮೆಯವರು. ನೀರಿಲ್ಲದ ಭಯ ನಮಗೆ ಗೊತ್ತು, ನೀರು ಬರುವ ಭಯ ಗೊತ್ತಿಲ್ಲ. ನದಿ ದಂಡೆಯ ಮನೆ ನೋಡಿದರೆ ನಮ್ಮ ಜೀವ ಹಿಗ್ಗುತ್ತದೆ. 2016ರಲ್ಲಿ ಮಿರಜದಿಂದ ಲಾತೂರಿಗೆ ಕುಡಿಯುವ ನೀರನ್ನು ರೈಲಿನಲ್ಲಿ ಕಳಿಸಿದರು, ನೆನಪಿದೆಯಾ? ಅದೇ ಕೃಷ್ಣೆ ಮೂರೇ ವರ್ಷಕ್ಕೆ ಸಾಂಗಲಿಯನ್ನು ಮುಳುಗಿಸಿದಳು. 1929ರ ಐರ್ವಿನ್ ಸೇತುವೆ ಹತ್ತಿರ ನೀರಿನ ಮಟ್ಟ ಅಳೆಯುತ್ತಾರೆ. 40 ಅಡಿಗೆ ಎಚ್ಚರಿಕೆ, 45ಕ್ಕೆ ಅಪಾಯ. 2019ರ ಆಗಸ್ಟಿನಲ್ಲಿ 57 ಅಡಿ ದಾಟಿತು. 2005ರಲ್ಲೂ ಬಂದಿತ್ತು, 2021ರಲ್ಲಿ ಮತ್ತೆ ಬಂತು. 2005ರ ನೀರು ಹರಿಪುರದ ಅರಿಶಿನದ ಹಗೇವುಗಳಿಗೂ ನುಗ್ಗಿತು. ವರ್ಷಗಟ್ಟಲೆ ನೆಲದಡಿ ಕೆಡದೆ ಇರುತ್ತಿದ್ದ ಅರಿಶಿನ ಕೆಸರಾಯಿತು.

ಕೊಲ್ಹಾಪುರಕ್ಕೂ ಇದೇ ಕತೆ. ಅಲ್ಲಿ ಪಂಚಗಂಗೆ, ರಾಜಾರಾಮ್ ಬಂಧಾರದಲ್ಲಿ 43 ಅಡಿಗೆ ಅಪಾಯ. 2019ರಲ್ಲೂ 2021ರಲ್ಲೂ 55 ದಾಟಿತು. ಶಿರೋಲಿ ಹತ್ತಿರ ಪುಣೆ-ಬೆಂಗಳೂರು ಹೆದ್ದಾರಿಯೇ ನೀರಿನಡಿ ಹೋಯಿತು. ಹಾಗಾಗಿ ಯಾವ ಊರಿಗೆ ಮಹಾಪೂರ ಬರುತ್ತದೆ ಎಂದು ಕೇಳಬೇಡ, ಯಾವ ಓಣಿಗೆ ಎಂದು ಕೇಳು. ಸಾಂಗಲಿಯಲ್ಲಿ ಗಾವಭಾಗ, ಮಾರುತಿ ಚೌಕ, ಕರ್ನಾಳ ರಸ್ತೆ, ಶ್ಯಾಮರಾವ ನಗರ, ಇಲ್ಲೆಲ್ಲ ಮನೆ ಎಷ್ಟೇ ಚಂದ ಇದ್ದರೂ ಬೇಡ. ಮಿರಜದಲ್ಲೂ ಕೃಷ್ಣಾಘಾಟದ ಕಡೆ ಹೋಗಬೇಡ. ಮನೆ ತೋರಿಸುವ ಏಜೆಂಟನ ಮಾತಿಗೆ ತಲೆ ಆಡಿಸಿ ಡಿಪಾಸಿಟ್ ಕೊಟ್ಟುಬಿಡಬೇಡ. ಓಣಿಯ ಕಿರಾಣಿ ಅಂಗಡಿಯವನನ್ನು ಕೇಳು, 2019ರಲ್ಲಿ ನೀರು ಎಲ್ಲಿವರೆಗೆ ಬಂದಿತ್ತು ಎಂದು. ಅವನು ಬೆರಳು ಮಾಡಿ ತೋರಿಸುತ್ತಾನೆ. ಗೋಡೆಯ ಮೇಲೆ ಕಂದು ಗೆರೆ ಇರುತ್ತದೆ. ಬಣ್ಣ ಬಳಿದಿದ್ದರೂ ಕದದ ಚೌಕಟ್ಟಿನ ಕಟ್ಟಿಗೆ ಆ ಎತ್ತರದವರೆಗೆ ಉಬ್ಬಿರುತ್ತದೆ, ಕೈಯಾಡಿಸಿ ನೋಡು. ಮೀಟರಿನ ಪೆಟ್ಟಿಗೆ ಮೊದಲಿಗಿಂತ ಮೇಲೆ ಹಾಕಿದ್ದರೂ ಯಾಕೆ ಎಂದು ಕೇಳು.

ಪೂರ ಬಂದ ವರ್ಷ ಇನ್ನೊಂದು ಕಷ್ಟ ಇದೆ. ಆಲಮಟ್ಟಿಯ ಮಾತು ಏಳುತ್ತದೆ. ಕರ್ನಾಟಕದವರು ನೀರು ಬಿಡದೆ ನಮ್ಮನ್ನು ಮುಳುಗಿಸಿದರು ಎಂದು ಎರಡೂ ಊರಿನವರು ಅನ್ನುತ್ತಾರೆ. ಆ ಮಾತಿಗೆ ಮಾತ್ರ ಸಾಂಗಲಿ, ಕೊಲ್ಹಾಪುರ ಒಂದೇ. ಶಾಖೆಯಲ್ಲಿ ಯಾರೋ ನಿನ್ನ ಕಡೆ ನೋಡಿ "ನಿಮ್ಮವರು" ಅನ್ನಬಹುದು. ಸಿಟ್ಟು ಬರುತ್ತದೆ, ನನಗೂ ಬಂದಿದೆ. ನಾವು ಮಹಾರಾಷ್ಟ್ರದಲ್ಲೇ ಹುಟ್ಟಿ, ಇಲ್ಲೇ ತೆರಿಗೆ ಕಟ್ಟಿ, ಕೃಷ್ಣೆಯನ್ನು ಮೇಲೆತ್ತಿ ತರುವ ಮ್ಹೈಸಾಳ ಯೋಜನೆಯ ನೀರಿಗೆ ವರ್ಷವರ್ಷ ಕಾದವರು. ಆದರೂ ಅವತ್ತು ವಾದಕ್ಕೆ ಇಳಿಯಬೇಡ. ಮನೆ ಕಳೆದುಕೊಂಡವನ ಎದುರು ಲೆಕ್ಕ ಹೇಳಬಾರದು. ಮೊದಲು ಅವನ ಮನೆಯ ಕೆಸರು ತೆಗೆಯಲು ಹೋಗು. ಅಣೆಕಟ್ಟಿನ ಮಾತು ನೀರಿಳಿದ ಮೇಲೆ, ಚಹಾ ಕುಡಿಯುತ್ತಾ ಆಡಬಹುದು.

ಕೂಸಿನ ಸಾಲಿಯ ಚಿಂತೆ ಬೇಡ, ಎರಡೂ ಕಡೆ ಒಳ್ಳೆಯ ಸಾಲಿಗಳಿವೆ. ಹೊರಗೆ ಮರಾಠಿ ಚೆನ್ನಾಗಿ ಕಲಿಯಲಿ, ನಾಚಿಕೆ ಪಡದೆ ಆಡಲಿ. ಮನೆಯೊಳಗೆ ಮಾತ್ರ ಕನ್ನಡ ಬಿಡಿಸಬೇಡಿ. ಓದಲು, ಬರೆಯಲು ನಾನು ಕಲಿಸುತ್ತೇನೆ. ಮಿರಜದಲ್ಲಿದ್ದರೆ ಶನಿವಾರ ಎಸ್‌ಟಿಗೆ ಬಂದು ಆದಿತ್ಯವಾರ ತಿರುಗಿ ಹೋಗುತ್ತೇನೆ. ಜತ್ತದ ಹಳ್ಳಿಗಳಲ್ಲಿ ಕನ್ನಡ ಸಾಲಿ ಮಾಸ್ತರಿಕೆ ಮಾಡಿ ಬಂದವನಿಗೆ ಮೊಮ್ಮಗಳಿಗೆ ಅಕ್ಷರ ತಿದ್ದಿಸುವುದು ಭಾರವಲ್ಲ, ಆಸೆ.

ಹೆಂಡತಿಗೆ ಕೊಲ್ಹಾಪುರ ತಪ್ಪಿತು ಅನ್ನಿಸದಂತೆ ನೋಡಿಕೊ. ಮಿರಜದಿಂದ ಅಲ್ಲಿಗೆ ರೈಲು ದಿನಕ್ಕೆ ಬೇಕಾದಷ್ಟಿವೆ, ಹೆಚ್ಚುಕಮ್ಮಿ ಒಂದು ತಾಸಿನ ದಾರಿ. ರಂಕಾಳಾ ಕೆರೆ, ಪನ್ಹಾಳಾ ಕೋಟೆ, ಅಲ್ಲಿನ ಮಿಸಳ ತಿಂಡಿ, ಯಾವುದೂ ದೂರ ಆಗುವುದಿಲ್ಲ. ನರಸೋಬಾವಾಡಿಗೂ ಹೋಗಿ. ಕೊಲ್ಹಾಪುರದ ಪಂಚಗಂಗೆ ಸಾಂಗಲಿಯ ಕೃಷ್ಣೆಗೆ ಸೇರುವುದು ಅಲ್ಲೇ. ಅಲ್ಲಿಂದ ಸ್ವಲ್ಪ ಮುಂದೆ ಖಿದ್ರಾಪುರದ ಕೋಪೇಶ್ವರ ಗುಡಿ. ಮಾಡಿಲ್ಲದ ಸ್ವರ್ಗಮಂಟಪದ ನಡುವೆ ನಿಂತು ಮೇಲೆ ನೋಡಿದರೆ ದುಂಡಗೆ ಕತ್ತರಿಸಿದ ಆಕಾಶ ಕಾಣುತ್ತದೆ. ಚಪ್ಪಲಿ ತರುವುದಾದರೆ ಮಾತ್ರ ಕೊಲ್ಹಾಪುರದಿಂದಲೇ ಆಗಬೇಕೆಂದಿಲ್ಲ. ಆ ಹೆಸರಿನ ಜಿಐ ಅಥಣಿ, ನಿಪ್ಪಾಣಿ ಇರುವ ಬೆಳಗಾವಿ ಜಿಲ್ಲೆಗೂ ಸೇರಿದ್ದು, ನಮ್ಮ ಸಾಂಗಲಿ ಜಿಲ್ಲೆಗೂ ಸೇರಿದ್ದು.

ಬಾಡಿಗೆಯ ಲೆಕ್ಕ ನನಗಿಂತ ನಿನಗೆ ಚೆನ್ನಾಗಿ ಗೊತ್ತು, ಅದನ್ನು ನೀನೇ ಮಾಡು. ಶಾಖೆಯ ಹೆಸರು ಬರೆದು ಕೊಟ್ಟ ದಿನ ನನಗೆ ಫೋನ್ ಮಾಡು. ಮನೆ ನೋಡಲು ಒಬ್ಬನೇ ಹೋಗಬೇಡ, ನಾನೂ ಬರುತ್ತೇನೆ. ಮಿರಜ ಎಸ್‌ಟಿ ಸ್ಟ್ಯಾಂಡಿನಲ್ಲಿ ಕೂಡೋಣ. ಕೆಳಗಿನ ಮಜಲಿನ ಮನೆಯನ್ನೇ ಹುಡುಕಬೇಕು, ನಿನ್ನ ಅವ್ವನಿಗೆ ಮೆಟ್ಟಿಲು ಆಗುವುದಿಲ್ಲ. ಕೆಳಗಿನ ಮನೆ ಎಂದಮೇಲೆ ಓಣಿ ಎತ್ತರದಲ್ಲೇ ಇರಬೇಕು, ತಿಳೀತಾ?

ಇಂತಿ ನಿನ್ನ ಪ್ರೀತಿಯ,
ಕಾಕಾ